ಟವೆಲ್ಲಿನಡಿಯಲ್ಲಿ ಆರಿಸಿದ ಸರ್ವರ್

ಬಾಳಿಕೆ ಬರುವ ವಸ್ತುವನ್ನು ನೋಡಿ ಆರಿಸುವುದರಲ್ಲಿ ನನ್ನಷ್ಟು ದಡ್ಡ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸೇರಿಸಿ ಹುಡುಕಿದರೂ ಸಿಗಲಾರ. ಛತ್ರಿ ಕೊಂಡರೆ ಮೊದಲ ಗಾಳಿಗೇ ಮಗುಚಿ ನಿಲ್ಲುತ್ತದೆ. ಚಪ್ಪಲಿ ಕೊಂಡರೆ ಬಸ್ಸು ಹತ್ತುವಾಗಲೇ ಉಂಗುಷ್ಠ ಕಿತ್ತು ಬರುತ್ತದೆ. ನನ್ನ ಹೆಂಡತಿ ಸರೋಜ ನನ್ನನ್ನು ಬದನೆಕಾಯಿಗೂ ಒಬ್ಬನನ್ನೇ ಕಳಿಸುವುದಿಲ್ಲ. "ಇವರು ಆರಿಸಿದ್ರಲ್ಲಿ ಇಷ್ಟು ವರ್ಷ ಬಾಳಿಕೆ ಬಂದಿದ್ದು ನಾನೊಬ್ಬಳೇ, ಅದೂ ಆರಿಸಿದ್ದು ನಮ್ಮ ಮಾವ" ಎಂದು ನೆಂಟರ ಮುಂದೆ ಹೇಳಿ ನಗುತ್ತಾಳೆ. ಇಂಥ ನಾನು ಒಂದು ಸರ್ವರ್ ಕಂಪನಿಯನ್ನು ಆರಿಸಬೇಕಾಗಿ ಬಂತು. ಅದೂ ನನ್ನ ಗೆಳೆಯ, ವ್ಯಾಪಾರದ ಪಾಲುದಾರ ಷಣ್ಮುಖ ಎರಡೂ ಮೂತ್ರಪಿಂಡ ಕೆಡಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದ ಕಾಲದಲ್ಲಿ. ಅವನಿಲ್ಲದೆ ನಾನು ವ್ಯಾಪಾರದಲ್ಲಿ ಒಂದು ಸ್ವಿಚ್ಚನ್ನೂ ಆರಿಸಿ ತಂದವನಲ್ಲ. ಅವನು ಎದ್ದು ಬರಲಿ ಎಂದು ದೇವರಿಗೆ ಒಂದು ಅರ್ಜಿ, ಅವನು ಬರುವ ತನಕ ನಮ್ಮ ಹಳೇ ಸರ್ವರು ಉಸಿರು ಹಿಡಿದುಕೊಂಡಿರಲಿ ಎಂದು ಇನ್ನೊಂದು ಅರ್ಜಿ, ಹೀಗೆ ಎರಡನ್ನೂ ಒಟ್ಟಿಗೇ ಹಾಕಿದ್ದೆ. ಎರಡು ಅರ್ಜಿ ಒಟ್ಟಿಗೆ ಹಾಕಿದರೆ ಮೇಲಿನವರು ಒಂದನ್ನಷ್ಟೇ ಮಂಜೂರು ಮಾಡುತ್ತಾರೆಂಬ ಹೆದರಿಕೆಯೂ ಒಳಗೊಳಗೇ ಇತ್ತು.

ಸರ್ವರ್ ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಗೆ ಹೋದರೂ, ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ನಿಂತರೂ "ಸರ್ವರ್ ಡೌನ್ ಐತಿ, ನಾಳೆ ಬರ್ರಿ" ಎಂಬುದನ್ನು ಕೇಳಿ ಕೇಳಿ ಹಣ್ಣಾದ ಜನ ನಾವು. ಶಿರಾಳಕೊಪ್ಪದಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆ ಹಿಡಿದು ನಾವಿಬ್ಬರೂ ವ್ಯಾಪಾರ ಶುರುಮಾಡಿದ ದಿನ, ತೊಗರ್ಸಿಯಿಂದ ಬಂದಿದ್ದ ಷಣ್ಮುಖನ ದೊಡ್ಡಪ್ಪ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದು, "ಹಂಗಾರ ಇಷ್ಟು ದಿನ ಇದನ್ನ ಮಲಗಸ್ತಿದ್ದೋರು ನೀವನಾ?" ಎಂದು ಕೇಳಿದ್ದರು. ಇದು ಬೇರೆ, ಅದು ಬೇರೆ ಎಂದು ಷಣ್ಮುಖ ಕೂತು ವಿವರಿಸಿದ. ಶಾಲೆಗೆ, ಕಲ್ಯಾಣಮಂಟಪಕ್ಕೆ, ಶುಂಠಿ ಮಂಡಿಗೆ ಒಂದೊಂದು ವೆಬ್‌ಸೈಟ್ ಇರುತ್ತದೆ. ಹಗಲೂ ರಾತ್ರಿ ಯಾರು ಬಂದು ಬಾಗಿಲು ತಟ್ಟಿದರೂ ತೆಗೆಯಬೇಕು. ಹಾಗಿರಲು ಅದಕ್ಕೊಂದು ಮನೆ ಬೇಕು, ಆ ಮನೆಯನ್ನು ನಾವು ಬಾಡಿಗೆಗೆ ಕೊಡುತ್ತೇವೆ ಎಂದ. ದೊಡ್ಡಪ್ಪ ಎಲ್ಲವನ್ನೂ ಕೇಳಿ "ವಠಾರ ಅನ್ನು" ಎಂದು ಎದ್ದರು. ನಾವು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆಸಿದ್ದೆವು, ಊರಲ್ಲಿ ಮಾತ್ರ ಅದು ವಠಾರವೆಂದೇ ಉಳಿಯಿತು.

ನಮ್ಮ ಸರ್ವರು ಮೇಜಿನ ಮೇಲೆ ಕೂರುವ ಜಾತಿಯದಲ್ಲ. ಅಗಲಕ್ಕೆ, ಚಪ್ಪಟೆಗೆ ಇರುತ್ತದೆ. ಕಬ್ಬಿಣದ ಬೀರುವಿನಂಥದರಲ್ಲಿ ಒಂದರ ಮೇಲೊಂದು ಮಲಗಿಸಬೇಕು, ಆ ಬೀರುವಿಗೆ ರ‍್ಯಾಕ್ ಎನ್ನುತ್ತಾರೆ. ಹೊಸ ರ‍್ಯಾಕ್ ತರಿಸುವುದು ದುಂದೆಂದು ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಅಳತೆ ಕೊಟ್ಟು ಮಾಡಿಸಿದೆವು. ಅಳತೆಯೆಲ್ಲ ಸರಿಯಾಗಿಯೇ ಬಂತು, ಬಾಗಿಲಿಗೆ ಮಾತ್ರ ಆಳೆತ್ತರದ ಕನ್ನಡಿ ಕೂರಿಸಿ ಕಳಿಸಿದ್ದರು. ಇದ್ಯಾಕೆಂದು ಕೇಳಿದರೆ, ಬೀರು ಅಂದಮೇಲೆ ಕನ್ನಡಿ ಬೇಡವೇ, ಮನೆಯಲ್ಲಿ ಹೆಣ್ಣುಮಕ್ಕಳು ಏನಂದಾರು ಎಂದರು. ಷಣ್ಮುಖನಿಗೆ ಅದು ಬಹಳ ಹಿಡಿಸಿತು. ಬೆಳಿಗ್ಗೆ ಬಂದವನೇ ಆ ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡು, ಆಮೇಲೆ ಬಾಗಿಲು ತೆಗೆದು ಯಂತ್ರದ ದೀಪಗಳನ್ನು ನೋಡುತ್ತಿದ್ದ. ಆಯುಧಪೂಜೆಗೆ ಗಿರಾಕಿಗಳು ಹೂವು ಕುಂಕುಮ ಹಿಡಿದು ಬಂದು "ನಮ್ದು ಎಲ್ಲೈತ್ರಿ?" ಎಂದು ಕೇಳುತ್ತಿದ್ದರು. ವೆಬ್‌ಸೈಟು ಎಲ್ಲಿದೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಷಣ್ಮುಖ ಮಿನುಗುವ ಒಂದು ದೀಪ ತೋರಿಸಿ "ಅದೇ ನಿಮ್ದು" ಎನ್ನುತ್ತಿದ್ದ. ಅವರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಮರುವರ್ಷ ಬಂದಾಗ ತಮ್ಮ ದೀಪವನ್ನು ತಾವೇ ಗುರುತಿಸುತ್ತಿದ್ದರು.

ಇನ್ನು ನಮ್ಮಿಬ್ಬರ ವ್ಯವಹಾರದ ಗುಟ್ಟು ಹೇಳಬೇಕು. ನಮ್ಮಪ್ಪ ಆನವಟ್ಟಿ ಕಡೆಯ ದನದ ದಲ್ಲಾಳಿ, ಷಣ್ಮುಖನ ಅಪ್ಪ ತೊಗರ್ಸಿ ಕಡೆಯ ದನದ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕೊಳ್ಳುವವರ ಕಡೆಯವನೊಬ್ಬ, ಮಾರುವವರ ಕಡೆಯವನೊಬ್ಬ ಎದುರುಬದುರು ನಿಂತು ಕೈಗೆ ಕೈ ಸೇರಿಸಿ, ಮೇಲೆ ಟವೆಲ್ ಮುಚ್ಚಿ, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಒತ್ತುತ್ತಾರೆ. ಇಷ್ಟು ಬೆರಳಿಗೆ ಇಷ್ಟು ಎಂದು ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ, ಆ ಮುಖಗಳಲ್ಲಿ ಏನೂ ಇರುವುದಿಲ್ಲ. ವ್ಯಾಪಾರ ಕುದುರದಿದ್ದರೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರಾಯಿತು. ಯಾರು ಎಷ್ಟು ಹತ್ತಿದರು, ಯಾರು ಎಷ್ಟು ಇಳಿದರು ಎಂಬುದು ಮೂರನೆಯವರಿಗೆ ತಿಳಿಯದೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಬೆರಳು ಬಿಟ್ಟು ಇಡೀ ಅಂಗೈಯನ್ನು ಹಿಡಿದು ಸುಮ್ಮನಾದರೆ ಅದಕ್ಕೂ ಒಂದು ಅರ್ಥವುಂಟು: ಇನ್ನು ನನ್ನ ಮಾತಿಲ್ಲ, ನಿನಗೇ ಬಿಟ್ಟಿದ್ದೇನೆ. ಹಾಗೆ ಅಂಗೈ ಒಪ್ಪಿಸಿದವನ ಮೇಲೆ ನಮ್ಮ ಬೆಲೆ ಹೇರಬಾರದು, ಅವನು ಕೇಳಿದ ಬೆಲೆಗೇ ನಾವು ಹೋಗಬೇಕು, ಅದು ದಲ್ಲಾಳಿಯ ಧರ್ಮ ಎಂದು ನಮ್ಮಪ್ಪ ಹೇಳುತ್ತಿದ್ದರು.

ಅಪ್ಪಂದಿರ ಕಸುಬು ನಮಗೆ ಬರಲಿಲ್ಲ, ಟವೆಲ್ ಮಾತ್ರ ಬಂತು. ಮೊದಮೊದಲು ಗಿರಾಕಿಯ ಎದುರು ಕೂತು ಒಪ್ಪೋಣವೇ ಬೇಡವೇ ಎಂದು ತೀರ್ಮಾನಿಸಲು ಷಣ್ಮುಖ ತನ್ನ ಹೆಗಲ ಟವೆಲ್ಲನ್ನು ನಮ್ಮ ಕೈಮೇಲೆ ಎಳೆದುಕೊಳ್ಳುತ್ತಿದ್ದ. ಬರಬರುತ್ತಾ ಗಿರಾಕಿ ಇಲ್ಲದಾಗಲೂ ಅದೇ ರೂಢಿಯಾಯಿತು. ನಾವಿಬ್ಬರೂ ಬಾಯಿ ಜೋರಿನವರು, ಮಾತಿಗೆ ಮಾತು ಬೆಳೆದರೆ ಮಧ್ಯಾಹ್ನದ ಊಟ ಬೇರೆ ಬೇರೆ ಹೋಟೆಲಿನಲ್ಲಿ ಆಗುತ್ತಿತ್ತು. ಟವೆಲ್ಲಿನಡಿಯಲ್ಲಿ ಎಷ್ಟು ಬೇಕಾದರೂ ಜಗಳವಾಡಬಹುದು, ಯಾರೂ ಯಾರಿಗೂ ಏನೂ ಅಂದ ಹಾಗಾಗುವುದಿಲ್ಲ. ಅವನು ಬೆರಳು ಹಿಡಿಯುವ ಪರಿ ಹೇಗೆಂದರೆ, ನನ್ನ ಅಭಿಪ್ರಾಯ ಅವನಿಗೆ ಹಿಡಿಸದಿದ್ದರೆ ಗಂಟು ಲಟಕ್ಕೆನ್ನುವಂತೆ ತಿರುಚುತ್ತಿದ್ದ. ಅಂಗೈ ಒಪ್ಪಿಸುವ ಪಾಠವನ್ನು ಅವನಪ್ಪ ಅವನಿಗೆ ಹೇಳಿಕೊಟ್ಟಿರಲೇ ಇಲ್ಲವೇನೋ ಎಂದುಕೊಂಡಿದ್ದೆ. ಹೊಸ ಫ್ಯಾನು ಯಾವ ಗೋಡೆಗೆ ಎಂಬುದರಿಂದ ಹಿಡಿದು ನನ್ನ ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂಬುದರ ತನಕ ಅವನಿಗೆ ಒಂದು ಅಭಿಪ್ರಾಯ ಇದ್ದೇ ಇರುತ್ತಿತ್ತು, ಅದು ನನ್ನದಕ್ಕಿಂತ ಬೇರೆಯೇ ಆಗಿರುತ್ತಿತ್ತು.

ಹಳೇ ಸರ್ವರು ಮುಪ್ಪಾಗಿತ್ತು. ಯಾರೋ ಬಳಸಿ ಬಿಟ್ಟದ್ದನ್ನು ನಾವು ತಂದದ್ದು. ಅದರ ಫ್ಯಾನಿನ ಸದ್ದಿಗೆ ಕೆಳಗಿನ ಗೊಬ್ಬರದಂಗಡಿಯವರು ಅಕ್ಕಿ ಗಿರಣಿ ಹಾಕಿದ್ದೀರಾ ಎಂದು ಕೇಳುತ್ತಿದ್ದರು. ಇಂಥ ಯಂತ್ರಕ್ಕೆ ಕರೆಂಟು ಕೊಡುವ ಭಾಗ ಎರಡಿರುತ್ತದೆ, ಒಂದು ಹೋದರೆ ಇನ್ನೊಂದು ನಡೆಸಲಿ ಎಂದು. ನಮ್ಮದರಲ್ಲಿ ಒಂದು ಆಗಲೇ ಹೋಗಿತ್ತು. ಹೊಸದು ತರಲೇಬೇಕೆಂದು ನಿಶ್ಚಯವಾದ ಮೇಲೆ ಮೂರು ಕಂಪನಿಯವರನ್ನು ಕರೆಸಿದೆವು. ಕಂಪನಿಗಳ ಹೆಸರು ನಾನು ಹೇಳುವುದಿಲ್ಲ. ನಾವೇ ಅವನ್ನು ಆ ಹೆಸರಿನಿಂದ ಕರೆಯಲಿಲ್ಲ. ದಲ್ಲಾಳಿಗಳ ಮಕ್ಕಳಲ್ಲವೇ, ಮೂತಿಯ ಬಣ್ಣ ನೋಡಿ ಒಂದಕ್ಕೆ ಕರಿಯ, ಇನ್ನೊಂದಕ್ಕೆ ಬೂದ, ಮೂರನೆಯದಕ್ಕೆ ಕೆಂದ ಎಂದು ಎತ್ತುಗಳ ಹೆಸರಿಟ್ಟೆವು. ಟವೆಲ್ಲಿನೊಳಗೆ ಒಂದು ಬೆರಳೆಂದರೆ ಕರಿಯ, ಎರಡೆಂದರೆ ಬೂದ, ಮೂರೆಂದರೆ ಕೆಂದ.

ಹೊಟ್ಟೆ ಬಗೆದು ನೋಡಿದರೆ ಮೂರರೊಳಗೂ ಇರುವುದು ಹೆಚ್ಚುಕಡಿಮೆ ಅದೇ ಸರಕು, ಅಳಿಯ ಅಲ್ಲ ಮಗಳ ಗಂಡ. ಆದರೂ ನಾನು ಕೇಳದ ಜನವಿಲ್ಲ. ಇಂಟರ್‌ನೆಟ್ಟಿನಲ್ಲಿ ಓದಿದೆ. ಅಲ್ಲಿ ಪ್ರತಿಯೊಂದು ಕಂಪನಿಯನ್ನೂ ಹೊಗಳಿ ಅಟ್ಟಕ್ಕೇರಿಸುವವರು ಎಷ್ಟು ಜನವೋ, ಮಣ್ಣು ತೂರಿ ಶಾಪ ಹಾಕುವವರೂ ಅಷ್ಟೇ ಜನ. ಶಿಕಾರಿಪುರದ ಕಾಲೇಜು ಮೇಷ್ಟ್ರೊಬ್ಬರು, ಈ ಕಾಲದಲ್ಲಿ ಸ್ವಂತ ಸರ್ವರ್ ಕೊಳ್ಳುವವರು ಮೂರ್ಖರು, ಎಲ್ಲವನ್ನೂ ಕ್ಲೌಡಿನಲ್ಲಿ ಇಡಿ ಎಂದರು. ನಮ್ಮ ವಠಾರದವರನ್ನು ಮೋಡದ ಮೇಲೆ ಕೂರಿಸಿದರೆ ಆಯುಧಪೂಜೆಗೆ ಎಲ್ಲಿ ಕುಂಕುಮ ಹಚ್ಚಿಯಾರು ಎಂದು ಷಣ್ಮುಖ ಅದನ್ನು ಅಲ್ಲಿಗೇ ಕೈಬಿಟ್ಟ. ನಮ್ಮ ಮೊದಲ ಗಿರಾಕಿಗಳೆಂದರೆ ಒಂದು ಹೋರಿಯ ಅಭಿಮಾನಿ ಬಳಗ. ದೀಪಾವಳಿಯ ಹೋರಿ ಓಟದಲ್ಲಿ ಕೊರಳ ತುಂಬ ಕೊಬ್ಬರಿ ಕಟ್ಟಿಕೊಂಡು, ಯಾರ ಕೈಗೂ ಸಿಗದೆ ಓಡಿದ ಹೋರಿ ಅದು. ಹೋರಿ ತೀರಿಕೊಂಡ ಮೇಲೂ ಅದರ ಹೆಸರಿನ ವೆಬ್ ಪುಟ ನಡೆಯುತ್ತಿತ್ತು. ಹಬ್ಬ ಬಂದರೆ ಜನ ಅದರಲ್ಲಿ ಫೋಟೋ ನೋಡಿ ಹೂವಿನ ಚಿತ್ರ ಹಾಕಿ ಹೋಗುತ್ತಿದ್ದರು. ಹೊಸ ಸರ್ವರು ಬರುತ್ತದೆಂದು ತಿಳಿದು ಬಳಗದ ಹಿರಿಯರೊಬ್ಬರು ಬಂದು, "ಯಾವ್ದಾರ ತರ್ರಿ, ನಮ್ಮ ಹೋರಿ ಎರಡನೇ ಸಲ ಸಾಯಬಾರ್ದು ನೋಡ್ರಿ" ಎಂದು ಹೇಳಿ ಹೋದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನನ್ನ ಮನಸ್ಸು ಕರಿಯನ ಮೇಲೆ. ಅದರ ಪುಸ್ತಿಕೆಯ ಕಾಗದ ನುಣ್ಣಗಿತ್ತು. ಅದರ ಪ್ರತಿನಿಧಿ ಹುಬ್ಬಳ್ಳಿಯಿಂದ ಟೈ ಕಟ್ಟಿಕೊಂಡು ಬಂದು ಇದು ನಿಲ್ಲುವುದೇ ಇಲ್ಲ ಎಂದಿದ್ದ. ನಿಂತರೆ ಎಂದು ಷಣ್ಮುಖ ಕೇಳಿದ. ನಿಲ್ಲುವುದಿಲ್ಲ ಸರ್ ಎಂದ ಆತ. ನಿಲ್ಲುವುದಿಲ್ಲ ಸರಿ, ಒಂದು ವೇಳೆ ನಿಂತರೆ ಎಂದು ಇವನು ಮತ್ತೆ ಕೇಳಿದ. ಒಂದು ಫೋನ್ ನಂಬರಿದೆ, ಅದಕ್ಕೆ ಮಾಡಿದರೆ ಇಂಗ್ಲಿಷಿನಲ್ಲಿ ಒಬ್ಬಳು ಹುಡುಗಿ ಮಾತಾಡುತ್ತಾಳೆ ಎಂದಾಯಿತು. ಷಣ್ಮುಖನ ಮನಸ್ಸು ಅಷ್ಟು ಹೊತ್ತಿಗೆ ಬೂದನ ಕಡೆ ತಿರುಗಿಯಾಗಿತ್ತು. ಕಾರಣ ಕೇಳಿದರೆ ಯಂತ್ರದ ಗುಣ ಒಂದೂ ಹೇಳಲಿಲ್ಲ. ಬೂದನ ರಿಪೇರಿಯವನು ಸಾಗರದಲ್ಲಿದ್ದಾನೆ, ಅವನ ಹೆಂಡತಿಯ ತವರು ಆನವಟ್ಟಿ, ಹಬ್ಬ ಹುಣ್ಣಿಮೆಗೆ ಈ ದಾರಿಯಲ್ಲೇ ಬರುತ್ತಾನೆ ಎಂದ. "ಕೆಡದ ವಸ್ತು ಯಾವ್ದೂ ಇಲ್ಲಲೇ ದೇವೇಂದ್ರ. ಕೆಟ್ಟಾಗ ಯಾರು ಬರ್ತಾರ ಅನ್ನಾದಷ್ಟ ನೋಡಬೇಕು." ಮಾವನ ಮನೆಯ ಒಬ್ಬಟ್ಟಿನ ಮೇಲೆ ಭರವಸೆಯಿಟ್ಟು ಸರ್ವರ್ ಕೊಂಡ ಕಂಪನಿ ಜಗತ್ತಿನಲ್ಲಿ ಇನ್ನೊಂದಿರಲಾರದು ಎಂದು ನಾನು ಗೇಲಿ ಮಾಡಿದೆ. ಟವೆಲ್ ಬಿತ್ತು. ನಾನು ಒಂದು ಬೆರಳು ಒತ್ತಿದೆ, ಅವನು ಎರಡು ತಿರುಚಿದ. ಕೆಂದನನ್ನು ಇಬ್ಬರೂ ಕೇಳಲಿಲ್ಲ. ಹೀಗೆ ದಿನಾ ಮಧ್ಯಾಹ್ನ ಕಾಫಿಯಾದ ಮೇಲೆ ನಡೆಯಿತು, ಒಮ್ಮತವಾಗಲಿಲ್ಲ. ಅಷ್ಟರಲ್ಲಿ ಅವನ ಕಾಲು ಬಾತುಕೊಳ್ಳತೊಡಗಿತು.

ಶುರುವಿನಲ್ಲಿ ನಾವು ಅದನ್ನು ಕೂತು ಕೂತು ಬಂದ ಬಾವು ಎಂದುಕೊಂಡೆವು. ಶಿವಮೊಗ್ಗದ ಡಾಕ್ಟರು ಬೇರೆ ಹೇಳಿದರು. ರಕ್ತ ಶುದ್ಧಮಾಡುವ ಯಂತ್ರಕ್ಕೆ ಅವನನ್ನು ಜೋಡಿಸತೊಡಗಿದರು. ವಾರದಲ್ಲಿ ಕೆಲವು ದಿನ ನೀಲಮ್ಮ, ಅಂದರೆ ಅವನ ಹೆಂಡತಿ, ಬೆಳಗಿನ ಬಸ್ಸಿಗೆ ಅವನನ್ನು ಕರೆದುಕೊಂಡು ಹೋಗುತ್ತಿದ್ದಳು. ಒಂದೆರಡು ಸಲ ನಾನೂ ಹೋದೆ. ಮಂಚದ ಪಕ್ಕ ನಿಂತಿದ್ದ ಆ ಯಂತ್ರವನ್ನು ಷಣ್ಮುಖ ಅಡಿಯಿಂದ ಮುಡಿಯ ತನಕ ನೋಡಿ, ಬಿಳಿ ಮೂತಿಯದಾದ್ದರಿಂದ ಬಿಳಿಯ ಎಂದು ಹೆಸರಿಟ್ಟ. ನರ್ಸನ್ನು ಕರೆದು ಇದು ಕೆಟ್ಟರೆ ಎಲ್ಲಿಂದ ಬರುತ್ತಾರೆ ಎಂದು ವಿಚಾರಿಸಿದ. ಬೆಂಗಳೂರಿನಿಂದ ಬರಬೇಕೆಂದು ಆಕೆ ಹೇಳಿದ್ದಕ್ಕೆ, ನನ್ನ ಕಡೆ ತಿರುಗಿ, ನಿನ್ನ ಕರಿಯನ ದಾಯಾದಿ ಇದು ಎಂದ. ನನಗೆ ನಗು ಬಂತು, ನಗುತ್ತಿರುವಾಗಲೇ ಅವನ ಕೈಯಿಂದ ಆ ಯಂತ್ರದೊಳಕ್ಕೆ ಹೋಗುತ್ತಿದ್ದ ಕೆಂಪು ನಳಿಗೆ ಕಣ್ಣಿಗೆ ಬಿತ್ತು. "ದೇವ್ರೂ ನಮ್ಮಂಗ ಎರಡೆರಡು ಇಟ್ಟಾನ ನೋಡಲೇ, ಒಂದು ಹೋದ್ರ ಇನ್ನೊಂದು ನಡಸ್ಲಿ ಅಂತ. ಆದ್ರ ಎರಡನ್ನೂ ಒಂದೇ ಲೈನಿಗೆ ಕೊಟ್ಟಾನ" ಎಂದ. ಪಕ್ಕದ ಮಂಚದವರೂ ನಕ್ಕರು. ನೀಲಮ್ಮ ಮಾತ್ರ ಎದ್ದು ನೀರು ತರುತ್ತೇನೆಂದು ಹೊರಗೆ ಹೋದಳು.

ಇತ್ತ ಅಂಗಡಿಯಲ್ಲಿ ಹಳೇ ಸರ್ವರಿನ ಒಂದೊಂದೇ ದೀಪ ಹಸಿರಿನಿಂದ ಹಳದಿಗೆ ತಿರುಗುತ್ತಿತ್ತು. ಮದುವೆಯ ಕಾಲ ಬೇರೆ. ಕಲ್ಯಾಣಮಂಟಪದ ಪುಟ ತೆರೆಯಲು ತಡವಾಗುತ್ತಿದೆ, ಮುಹೂರ್ತ ಕಾಯುತ್ತದೆಯೇ ಎಂದು ಮಂಟಪದವರು ಫೋನ್ ಮಾಡುತ್ತಿದ್ದರು. ಶಾಲೆಯವರು ಮೆಲ್ಲಗೆ ಬೇರೆ ಊರಿನ ಕಂಪನಿಯ ವಿಚಾರ ಎತ್ತಿದರು. ಸರೋಜ, ಯಾವುದಾದರೂ ಒಂದು ತಂದುಬಿಡಿ, ಅವರು ಬಂದಮೇಲೆ ಬೈಸಿಕೊಂಡರಾಯಿತು ಎಂದಳು. ಬುದ್ಧಿಯ ಮಾತು, ಆದರೆ ನನ್ನಿಂದಾಗಲಿಲ್ಲ. ಅವನನ್ನು ಕೇಳದೆ ನಾನೊಬ್ಬನೇ ಆರಿಸಿದರೆ, ಅವನು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಹೆದರುತ್ತಿದ್ದೆ. ಹೊರಗೆ ಮಾತ್ರ, ಮಾರುಕಟ್ಟೆ ನೋಡುತ್ತಿದ್ದೇನೆ, ಹೊಸ ಮಾದರಿ ಬರುವುದಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಸರ್ವರುಗಳ ವಿಷಯದಲ್ಲಿ ನಾನು ಅಷ್ಟು ಆಳವಾಗಿ ವಿಚಾರ ಮಾಡುತ್ತಿದ್ದೇನೆಂದು ಶಿರಾಳಕೊಪ್ಪದ ಜನ ನಂಬಿದ್ದು ನನ್ನ ಬದುಕಿನ ಏಕೈಕ ಗೌರವ.

ಮಳೆಗಾಲ ಹಿಡಿಯುವ ಹೊತ್ತಿಗೆ ಅವನಿಗೆ ಜ್ವರ ಬಂದು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ನಾನು ಮೂರೂ ಕಂಪನಿಯ ಪುಸ್ತಿಕೆಗಳನ್ನು ಚೀಲಕ್ಕೆ ತುರುಕಿಕೊಂಡು ಹೋದೆ. ವರಾಂಡದಲ್ಲಿ ನೀಲಮ್ಮ ಸಿಕ್ಕಳು. ಡಾಕ್ಟರು ಅವಳಿಗೆ ಏನು ಹೇಳಿದ್ದರೆಂದು ಅವಳ ಮುಖ ನೋಡಿಯೇ ಗೊತ್ತಾಯಿತು, ನಾನು ಕೇಳಲಿಲ್ಲ. "ಅಣ್ಣಾರೆ, ಒಳಗ ಹೋಗಿ ಸರ್ವರ್ ಮಾತೇ ಆಡ್ರಿ. ಹೆಂಗದೀಯ ಅಂತ ಮಾತ್ರ ಕೇಳಬ್ಯಾಡ್ರಿ, ಎಲ್ಲಾರೂ ಅದನ್ನೇ ಕೇಳಿ ಅವ್ರಿಗೆ ಸಾಕಾಗೇತಿ" ಎಂದಳು.

ಹಾಗೆಯೇ ಮಾಡಿದೆ. ಇಂಥ ಹೊತ್ತಿನಲ್ಲಿ ಆಡಲು ಸರ್ವರಿನ ಮಾತಾದರೂ ಇತ್ತಲ್ಲ ಎಂದು ಈಗ ಅನಿಸುತ್ತದೆ. ಕರಿಯ ತನ್ನ ಖಾತರಿಯ ಅವಧಿ ಏರಿಸಿದ್ದಾನೆ ಎಂದೆ. ಬೂದನ ರಿಪೇರಿಯವನಿಗೆ ಗಂಡು ಮಗು ಹುಟ್ಟಿದೆ, ಬಾಣಂತಿ ಆನವಟ್ಟಿಯಲ್ಲೇ ಇದ್ದಾಳೆ ಎಂದು ಬೇಕೆಂದೇ ಹೇಳಿದೆ, ಅವನ ಪಕ್ಷಕ್ಕೆ ಬಲ ಬರಲಿ ಎಂದು. ಅವನು ಕಣ್ಣಲ್ಲೇ ನಕ್ಕ. ನೀಲಮ್ಮ ದಿಂಬಿನ ಪಕ್ಕ ಮಡಚಿಟ್ಟಿದ್ದ ಟವೆಲ್ ತೆಗೆದು ನಮ್ಮ ಕೈಗಳ ಮೇಲೆ ಹಾಕಿದೆ. ಅವನ ಕೈ ತಣ್ಣಗಿತ್ತು, ಊದಿಕೊಂಡಿತ್ತು. ನಾನು ಎಂದಿನಂತೆ ಒಂದು ಬೆರಳು ಒತ್ತಿ, ಅವನು ಎರಡು ಹಿಡಿದು ತಿರುಚುವುದನ್ನು ಕಾದೆ. ಅವನ ಬೆರಳು ನನ್ನ ಬೆರಳುಗಳ ಮೇಲೆ ಒಂದೊಂದಾಗಿ ಹರಿದಾಡಿತು. ಆಮೇಲೆ ಎಲ್ಲವನ್ನೂ ಬಿಟ್ಟು ಇಡೀ ಅಂಗೈಯನ್ನು ಹಿಡಿದುಕೊಂಡಿತು, ಹಾಗೇ ಸುಮ್ಮನಾಯಿತು.

ಇದು ಆಗಲಿಕ್ಕಿಲ್ಲ, ಒಂದೋ ಎರಡೋ ಸರಿಯಾಗಿ ಹೇಳು ಮಾರಾಯ ಎಂದೆ. ಅವನು ಕೈ ಬಿಡಲಿಲ್ಲ.

"ಹೇಳಿದ್ನಲ್ಲಲೇ" ಎಂದ.

ಮತ್ತೆ ಬೆರಳು ಒತ್ತಿದೆ. ಬೇಕಾದರೆ ಕೆಂದನನ್ನೇ ತರೋಣ ಎಂದು ಮೂರು ಬೆರಳೂ ಒತ್ತಿದೆ, ಕೆಂದನ ಹೆಸರು ಕೇಳಿದರೆ ಸಿಟ್ಟಾದರೂ ಬಂದೀತು ಎಂಬ ಆಸೆಯಿಂದ. ಬರಲಿಲ್ಲ. ನರ್ಸು ಬಂದು, ಟವೆಲ್ಲಿನ ಕೆಳಗೆ ಇಬ್ಬರು ಗಂಡಸರು ಕೈ ಹಿಡಿದು ಕೂತದ್ದನ್ನು ಒಂದು ಥರ ನೋಡಿ, ಹೊತ್ತಾಯಿತು ಹೊರಡಿ ಎಂದಳು. ವಾಪಸು ಬರುವ ಬಸ್ಸಿನಲ್ಲಿ ನಾನು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತ ಬಂದೆ. ಕೈಯಲ್ಲಿ ಶಕ್ತಿಯಿಲ್ಲ, ಬೆರಳು ಹಿಡಿಯಲಾಗದೆ ಅಂಗೈ ಹಿಡಿದಿದ್ದಾನೆ, ಅದಕ್ಕೆ ಅರ್ಥ ಕಟ್ಟುವುದು ನನ್ನ ಹುಚ್ಚು. ಬರುವ ವಾರ ಜ್ವರ ಇಳಿದಿರುತ್ತದೆ, ಆಗ ಮತ್ತೊಮ್ಮೆ ಟವೆಲ್ ಹಾಕಿದರಾಯಿತು ಎಂದುಕೊಂಡೆ. ಶಿರಾಳಕೊಪ್ಪದಲ್ಲಿ ಇಳಿಯುವಷ್ಟರಲ್ಲಿ ಅದನ್ನು ಪೂರ್ತಿ ನಂಬಿಬಿಟ್ಟಿದ್ದೆ. ಆ ಬರುವ ವಾರ ಅವನ ಪಾಲಿಗೆ ಬರಲಿಲ್ಲ.

ತೊಗರ್ಸಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ನಾನು ನೇರ ಮನೆಗೆ ಹೋಗದೆ ಅಂಗಡಿಯ ಮೆಟ್ಟಿಲು ಹತ್ತಿದೆ. ಬೀರುವಿನ ಬಾಗಿಲು ತೆಗೆದರೆ ಹಳೇ ಸರ್ವರು ಅರಚುತ್ತ ಓಡುತ್ತಲೇ ಇತ್ತು. ಶಾಲೆ, ಕಲ್ಯಾಣಮಂಟಪ, ತೀರಿಕೊಂಡ ಹೋರಿ ಎಲ್ಲರ ದೀಪವೂ ಮಿನುಗುತ್ತಿತ್ತು. ಎರಡು ಅರ್ಜಿಯಲ್ಲಿ ದೇವರು ಇದನ್ನು ಮಂಜೂರು ಮಾಡಿದ್ದ. ಅಷ್ಟು ಸಿಟ್ಟು ನನಗೆ ಮನುಷ್ಯರ ಮೇಲೂ ಬಂದಿರಲಿಲ್ಲ. ಒದೆಯಬೇಕೆಂದು ಕಾಲೆತ್ತಿದವನು, ಹೋರಿಯ ದೀಪ ಕಂಡು ಕಾಲು ಇಳಿಸಿದೆ. ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತೆ. ಫ್ಯಾನಿನ ಸದ್ದಿಗೆ ಕೆಳಗಿನವರಿಗೆ ಏನೂ ಕೇಳಿಸಲಿಲ್ಲ, ಅದೊಂದು ಉಪಕಾರ ಆ ಯಂತ್ರದಿಂದ ಆಯಿತು.

ಇನ್ನು ಆರಿಸುವುದನ್ನು ಮುಂದೂಡಲು ಕಾರಣ ಉಳಿದಿರಲಿಲ್ಲ. ಕರಿಯನನ್ನೇ ತರಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಅದೇ ಕಷ್ಟಕ್ಕಿಟ್ಟುಕೊಂಡಿತು. ಬಸ್ಸಿನಲ್ಲಿ ಕಟ್ಟಿಕೊಂಡ ನೆಪ ಈಗ ನಿಲ್ಲಲಿಲ್ಲ. ಅವನು ಅಂಗೈ ಒಪ್ಪಿಸಿದ್ದ, ಎಷ್ಟು ಮುಚ್ಚಿಟ್ಟರೂ ನನ್ನ ಕೈಗೆ ಅದು ಗೊತ್ತಿತ್ತು. ಹಾಗೆ ಒಪ್ಪಿಸಿದವನ ಮೇಲೆ ನಮ್ಮ ಬೆಲೆ ಹೇರಬಾರದು ಎಂದು ಅಪ್ಪ ಹೇಳಿದ್ದು ನೆನಪಿತ್ತು. ಬೂದನಿಗೆ ಆರ್ಡರ್ ಹಾಕಿದೆ. ಜೋಡಿಸಲು ಸಾಗರದಿಂದ ಬಂದವನು, "ಷಣ್ಮುಖಣ್ಣ ಎಲ್ಲಿ? ಮಗು ಹುಟ್ಲಿ, ನಾಮಕರಣಕ್ಕೆ ಬರ್ತೀನಿ ಅಂದಿದ್ರು" ಎಂದು ಕೇಳಿದ. ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅಭಿಮಾನಿ ಬಳಗದವರು ಹೋರಿಯ ಪುಟದ ಕೆಳಗೆ ಷಣ್ಮುಖನ ಒಂದು ಫೋಟೋ ಹಾಕಿ, 'ನಮ್ಮ ಹೋರಿಯ ಮನೆ ಕಾಯ್ದವ' ಎಂದು ಬರೆದಿದ್ದಾರೆ. ಕೊರಳ ತುಂಬ ಕೊಬ್ಬರಿ ಹಾಕಿಕೊಂಡ ಹೋರಿ ಮೇಲೆ, ಕ್ರಾಪು ತೀಡಿಕೊಂಡ ಇವನು ಕೆಳಗೆ.

ಬೂದ ಬಂದು ಎರಡು ಆಯುಧಪೂಜೆ ಕಳೆಯಿತು. ಒಂದು ದಿನವೂ ಕೆಟ್ಟಿಲ್ಲ, ಮಲಗಿಲ್ಲ, ಸದ್ದನ್ನೂ ಮಾಡುವುದಿಲ್ಲ. ಗೊಬ್ಬರದಂಗಡಿಯವರು ಗಿರಣಿ ಮುಚ್ಚಿದಿರಾ ಎಂದು ಕೇಳಿದರು. ರಿಪೇರಿಯವನು ಮಾವನ ಮನೆಗೆ ಹೋಗುವಾಗ ಸುಮ್ಮನೆ ಬಂದು ಕಾಫಿ ಕುಡಿದು ಹೋಗುತ್ತಾನೆ, ಅವನಿಗೆ ಮಾಡಲು ಕೆಲಸವಿಲ್ಲ. ಗಿರಾಕಿಗಳು ನನ್ನ ಆಯ್ಕೆಯನ್ನು ಹೊಗಳುತ್ತಾರೆ. ಈಗ ಸುತ್ತಲ ಊರಿನವರು ಯಾವ ಕಂಪನಿ ನಂಬಿಕಸ್ಥ ಎಂದು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ನನಗೋ, ಈ ಬೂದ ಒಂದೇ ಒಂದು ಸಲ ಕೆಡಬಾರದೇ ಎನಿಸುತ್ತದೆ. ಕೆಟ್ಟರೆ ಆ ಕನ್ನಡಿಯ ಬಾಗಿಲ ಮುಂದೆ ನಿಂತು, ನೋಡಿದೆಯಾ, ನಾನು ಆಗಲೇ ಹೇಳಿರಲಿಲ್ಲವೇ ಎಂದು ಅವನಿಗೆ ಬೈಯಬಹುದಿತ್ತು. ಗೆದ್ದದ್ದು ಅವನು. ಗೆದ್ದು ನನ್ನನ್ನು ಹಂಗಿಸಲು ಬರದವನ ಜೊತೆ ಹೇಗೆ ಜಗಳವಾಡುವುದೋ ತಿಳಿಯದು.

ಮೊನ್ನೆ, ಕರೆಂಟು ಹೋದಾಗ ಸರ್ವರನ್ನು ನಡೆಸುವ ಬ್ಯಾಟರಿ ಬದಲಿಸುವ ಪ್ರಸಂಗ ಬಂತು. ಎರಡು ಕಂಪನಿ, ಒಂದನ್ನು ಆರಿಸಬೇಕು. ನೀಲಮ್ಮ ಅವನ ಟವೆಲ್ಲನ್ನು ಒಗೆದು ಮಡಚಿ ನನಗೇ ಕೊಟ್ಟಿದ್ದಾಳೆ, ಅಂಗಡಿಯ ಖಾನೆಯಲ್ಲಿರುತ್ತದೆ. ಅದನ್ನು ತೊಡೆಯ ಮೇಲೆ ಹರವಿಕೊಂಡು, ಅದರ ಕೆಳಗೆ ನನ್ನ ಎಡಗೈಯಿಂದ ನನ್ನ ಬಲಗೈ ಬೆರಳು ಹಿಡಿದು ಕೂತಿದ್ದೆ. ಊಟದ ಡಬ್ಬಿ ತಂದ ಸರೋಜ ಬಾಗಿಲಲ್ಲೇ ನಿಂತು ನೋಡಿದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತು, "ಏನಂತೆ?" ಎಂದು ಕೇಳಿದಳು.

ಎಡಗೈಯೂ ಒಂದು ಅನ್ನುತ್ತಿದೆ, ಬಲಗೈಯೂ ಒಂದೇ ಅನ್ನುತ್ತಿದೆ ಎಂದೆ.

"ಮತ್ತಿನ್ನೇನು, ಇಬ್ಬರೂ ಒಪ್ಪಿದ ಹಾಗಾಯ್ತಲ್ಲ. ಅದನ್ನೇ ತನ್ನಿ" ಎಂದಳು.

ಅವಳು ಹೇಳುವುದು ಸರಿಯೇ. ಆದರೆ ಯಾರೂ ಬೆರಳು ತಿರುಚದೆ ಕುದುರಿದ ವ್ಯಾಪಾರದ ಮೇಲೆ ನನಗೆ ನಂಬಿಕೆಯಿಲ್ಲ. ಬ್ಯಾಟರಿಯನ್ನು ಇನ್ನೂ ತಂದಿಲ್ಲ. ಕೇಳಿದವರಿಗೆಲ್ಲ, ಮಾರುಕಟ್ಟೆ ನೋಡುತ್ತಿದ್ದೇನೆ, ಹೊಸ ಮಾದರಿ ಬರುವುದಿದೆ ಎಂದು ಹೇಳುತ್ತಿದ್ದೇನೆ.